ಅಜ್ಜಾರನ್ನು ಕೇಳಿದ ದಿನ

ಗುರುಲಿಂಗಮ್ಮಾ,

ನಮ್ಮ ಕುಕನೂರಿನ ಮಠದ ಶಾಲೆಯ ಸಹನಾ ಟೀಚರ್ ಇವತ್ತು ಅರ್ಜಿ ತಂದಿದ್ದರು. ಸಿಬ್ಬಂದಿಯ ಆರೋಗ್ಯ ವಿಮೆಯಲ್ಲಿ ಮಕ್ಕಳಾಗದಂತೆ ಮಾಡಿಸುವ ಆಪರೇಷನ್ನನ್ನೂ ಸೇರಿಸಬೇಕಂತೆ. ಅದು ನಮ್ಮ ಧರ್ಮಕ್ಕೆ ಒಪ್ಪುವುದಿಲ್ಲ ಎಂದರು ಕಮಿಟಿಯವರು. ಕಾರ್ಯದರ್ಶಿಯಾದ ನಾನು ಯಾವಾಗಿನಂತೆ ಮಠದ ಸ್ವಾಮಿಗಳ ಹೆಸರು ಹೇಳಿ, "ಅಜ್ಜಾರನ್ನ ಕೇಳಿ ಹೇಳ್ತೀನ್ರಿ" ಎಂದೆ.

"ಈಗ ಕೇಳೂಣ ನಡೀರಿ ಸರ್, ನಾನೂ ಬರ್ತೀನಿ" ಎಂದರು ಟೀಚರ್.

ಮಠಕ್ಕೆ ಹೋದೆವು. ಅಜ್ಜಾರು ಅರ್ಜಿ ಓದಿ ನನ್ನನ್ನೇ ನೋಡಿದರು. "ಹಡಿಯಾಕಿ ಆಕಿ. ನನ್ನನ್ಯಾಕ ಕೇಳ್ತೀಯಪಾ? ಸೇರಸು."

ನಮ್ಮ ಮೂರನೆಯ ಮಗು ಹುಟ್ಟಿದ ಮೇಲೆ ನೀನೂ ಆಪರೇಷನ್ ಕೇಳಿದ್ದೆ. ಅಜ್ಜಾರು ಬ್ಯಾಡ ಅಂದ್ರು ಎಂದು ನಾನು ಹೇಳಿದಾಗ ನೀನು ಮಠದ ದಿಕ್ಕಿಗೆ ಕೈಮುಗಿದು ಆ ಮಾತು ಬಿಟ್ಟೆ. ನಾಲ್ಕನೆಯ ಹೆರಿಗೆಗೆ ಕೊಪ್ಪಳಕ್ಕೆ ಹೋದವಳು ತಿರುಗಿ ಬರಲಿಲ್ಲ.

ನೀನು ಕೇಳಿದಾಗ ನಾನು ಮಠಕ್ಕೆ ಹೋಗಿರಲೇ ಇಲ್ಲ.