ರಜೆ ಹಾಕಿದ ಅಡುಗೆಯವನು

ಭಾನುವಾರ, ಮಕ್ಕಳ ವಾರ್ಡು

ನನ್ನ ಮಗಳ ಅಪ್ಪನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ಮಗಳು ಕಣ್ಣು ಬಿಟ್ಟಿದ್ದಾಳೆ. ನನ್ನ ಗುರುತು ಹಿಡಿದಳು, ಹಿಡಿದು ಮುಖ ತಿರುಗಿಸಿದಳು.

ದೊಡ್ಡವಳಾದಳು, ಕಾಯಿಲೆಯ ವಿಷಯ ಇನ್ನು ಅವಳಿಗೇ ಹೇಳೋಣ ಎಂದು, ಆಟವಾಡಿಸಿಯೇ ಮಕ್ಕಳಿಗೆ ತಿಳಿಹೇಳುವ ಆ ಗೊಂಬೆ ಡಾಕ್ಟರು ಕರೆಸಿದ ದಿನ ನೀನೂ ಬಂದಿದ್ದೆ. ಆಟಿಕೆ ಪಾತ್ರೆಗಳನ್ನು ಮುಂದಿಟ್ಟುಕೊಂಡು ಆಕೆ ಅವಳಿಗೆ ಎಷ್ಟು ಚೆನ್ನಾಗಿ ಹೇಳಿದರು. ಎಲ್ಲರ ಹೊಟ್ಟೆಯಲ್ಲೂ ಅಡುಗೆಯವರಿದ್ದಾರೆ. ಹಾಲು, ಮೊಟ್ಟೆ, ಬೇಳೆಯನ್ನು ಬಿಡಿಸಿ ಹದ ಮಾಡುತ್ತಾರೆ. ನಿನ್ನಲ್ಲಿ ಒಬ್ಬ ಹುಟ್ಟಿನಿಂದಲೇ ಇಲ್ಲ. ಅವನ ಕೆಲಸ ಹಾಗೇ ಉಳಿದರೆ ವಿಷವಾಗಿ ತಲೆಗೇರುತ್ತದೆ, ಅದಕ್ಕೇ ನಿನಗೆ ಊಟ ಅಳೆದು ಕೊಡೋದು ಎಂದರು. ಅವನ ಸಂಬಳ ಉಳೀತು ಬಿಡಿ ಎಂದು ಮಗಳು ನಕ್ಕಳು. ಅತ್ತವನು ನೀನು.

ಅತ್ತು ಸುಮ್ಮನಿರಬಹುದಿತ್ತು. ಮುಂದಿನ ಭಾನುವಾರ ನಿನ್ನಲ್ಲಿಗೆ ಬಂದವಳಿಗೆ, ಅವನು ರಜೆ ಹಾಕಿದ್ದಾನೆ ಪುಟ್ಟಿ, ನಿನ್ನ ಹುಟ್ಟುಹಬ್ಬಕ್ಕೆ ಬಂದೇ ಬರ್ತಾನೆ ಎಂದು ಹೇಳಿ ಕಳಿಸಿದೆ. ನೀನು ಯಾವತ್ತೂ ಹೀಗೇ. ಒಂದು ಮಧ್ಯಾಹ್ನ ನಗಿಸಿ ಕೈ ತೊಳೆದುಕೊಳ್ಳುತ್ತೀ. ವಾರವೆಲ್ಲ ಬೇಡ, ಮುಟ್ಟಬೇಡ ಎನ್ನುವ ರಾಕ್ಷಸಿ ನಾನು.

ಹುಟ್ಟುಹಬ್ಬದ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಪಕ್ಕದ ಮನೆಗೆ ಹೋಗಿದ್ದಾಳೆ. ಡಾಕ್ಟರು ಒಪ್ಪಿದ್ದಾರೆ ಎಂದು ಹೇಳಿ ಮೊಟ್ಟೆ ತಿಂದು, ಹಾಲು ಕುಡಿದು ಬಂದಿದ್ದಾಳೆ. ಸಂಜೆಗೆ ವಾಂತಿ, ತೊದಲು ಮಾತು. ಆಮೇಲೆ ಎಬ್ಬಿಸಿದರೂ ಏಳಲಿಲ್ಲ.

ಈಗ ಜೀವಕ್ಕೆ ಭಯವಿಲ್ಲವಂತೆ. ನನ್ನ ಭಯ ಹೋಗಿಲ್ಲ. ಗೊಂಬೆ ಡಾಕ್ಟರು ಮತ್ತೆ ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳುತ್ತಿಲ್ಲ. ಅಡುಗೆಯವನು ಬಂದಿದ್ದನಂತೆ. ಪಾಪ, ಹಳೇ ಮನೆಗೆ ಹೋಗಿ ಹುಡುಕಿ ವಾಪಸಾದನಂತೆ. ಅಮ್ಮ ಮನೆ ಬದಲಾಯಿಸಿದರೆ ಅವನಾದರೂ ಏನು ಮಾಡಬೇಕು ಎಂದು ನನ್ನನ್ನೇ ದುರುಗುಟ್ಟಿ ನೋಡುತ್ತಾಳೆ. ಅವನು ಕೇಳಿದ್ದರೆ ಅಪ್ಪ ಹೊಸ ವಿಳಾಸ ಹೇಳುತ್ತಿರಲಿಲ್ಲವೇ ಎಂದೆ. ಅಪ್ಪನಿಗೂ ಅದು ಗೊತ್ತಿಲ್ಲವಲ್ಲ ಎಂದಳು. ಮನೆಗೆ ಹೋದ ಮೇಲೆ ಇವಳು ಮತ್ತೆ ತಿಂದು ನೋಡುತ್ತಾಳೆ. ಇನ್ನೊಂದು ಸಲವೂ ಕಣ್ಣು ಬಿಡುತ್ತಾಳೆ ಎಂದು ಇಲ್ಲಿ ಯಾರೂ ಮಾತು ಕೊಡುತ್ತಿಲ್ಲ.

ನಿಜ ಹೇಳಿದವರನ್ನು ನಂಬದೆ ನಿನ್ನನ್ನು ನಂಬುತ್ತಾಳಲ್ಲ, ಅದಕ್ಕೇ ನನ್ನ ಹೊಟ್ಟೆ ಉರಿಯುತ್ತದೆ. ಅದಕ್ಕೇ ನೀನೇ ಬರಬೇಕು. ಬುಧವಾರ ಮನೆಗೆ ಕಳಿಸುತ್ತಾರೆ. ಅವಳೆದುರು ಕೂತು, ಅವನು ಇಲ್ಲ, ಬರುವುದೂ ಇಲ್ಲ, ನಾನು ಸುಳ್ಳು ಹೇಳಿದೆ ಎನ್ನು. ಅವಳು ಅತ್ತರೆ ಎದ್ದು ಹೋಗಬೇಡ.

ಇಂತಿ,
ಕಾಗದದ ಮೇಲಷ್ಟೇ ನಿನ್ನ ಹೆಂಡತಿ

ತಾ.ಕ.: ನರ್ಸಿನ ಪೆನ್ನು ಇಸಿದುಕೊಂಡು ಅವಳು ತನ್ನ ಹೊಟ್ಟೆಯ ಮೇಲೆ ಹೊಸ ಮನೆಯ ವಿಳಾಸ ಬರೆದುಕೊಂಡಿದ್ದಾಳೆ, ಅವನಿಗೆ ದಾರಿ ತಪ್ಪದಿರಲಿ ಎಂದು. ಒರೆಸಲು ಬಿಡುತ್ತಿಲ್ಲ. ಅದನ್ನೇ ಲಕೋಟೆಯ ಹಿಂದೆ ನಿನಗೂ ಬರೆದಿದ್ದೇನೆ. ನೀನಂತೂ ಯಾವತ್ತೂ ಕೇಳಿದವನಲ್ಲ.