ಬ್ಯಾನಿಯನ್ ಮರದ ನೆರಳು ಯಾರದು

ಹದಿಮೂರನೆಯ ತಿಂಗಳ ಮೂವತ್ತಾರು, ಇಸವಿ ೨೩೯೧
ನೆರಳು ಕಚೇರಿ

ಮುನ್ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದು ನಾವು ಅದಕ್ಕೊಂದು ಉದ್ದನೆಯ ತಿಂಗಳು ಹೆಚ್ಚಿಗೆ ಕೊಟ್ಟಿದ್ದೇವೆ. ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಮ್ಮಲ್ಲಿ ಮರಗಳು ಬೆರಳೆಣಿಕೆಯಷ್ಟು. ಅವುಗಳ ಕೆಳಗೆ ಕೂರಲು ನೆರಳುಚೀಟಿ ಬೇಕು, ಅಂದರೆ ಇಂಥವರು ಇಲ್ಲಿ ಕೂರಬಹುದು ಎಂಬ ಸರ್ಕಾರಿ ಅಪ್ಪಣೆ. ಜಗಳ ಬಂದರೆ ಕಚೇರಿಯ ಪಟ್ಟಿಯಲ್ಲಿರುವ ಮರದ ಹೆಸರಿನ ಮೂಲ ಹುಡುಕಿ ತೀರ್ಪು ಕೊಡುವವನು ಹೆಸರೋದುಗ. ಆ ಕೆಲಸ ನನ್ನದು. ಹೆಸರು ಸುಳ್ಳಾಡುವುದಿಲ್ಲ ಎಂದು ನಂಬಿದವರು ನಾವು, ಎಂಥ ಪೆದ್ದುತನ!

ಎರಡು ದಿನದ ದಾರಿಯ ಕೆಂಗಲ್ಲೂರಿನಲ್ಲೊಂದು ಆಲದ ಮರವಿತ್ತು. ಪಟ್ಟಿಯಲ್ಲಿ ಅದರ ಇಂಗ್ಲಿಷ್ ಹೆಸರಷ್ಟೇ ಉಳಿದಿತ್ತು: ಬ್ಯಾನಿಯನ್. ಅದರ ಕೆಳಗೆ ನೀಲಗಂಗವ್ವ ಎಂಬ ಅಜ್ಜಿ ನಲವತ್ತು ವರ್ಷದಿಂದ ಕೂರುತ್ತಿದ್ದಳು. ತನ್ನ ಪಾಲಿನ ನೀರಿನಲ್ಲಿ ಅರ್ಧ ಉಳಿಸಿ, ಇಳಿಬಿದ್ದ ಬಿಳಲುಗಳಿಗೆ ಒದ್ದೆ ಬಟ್ಟೆ ಸುತ್ತಿ, ಮಣ್ಣು ತುಂಬಿದ ಬಿದಿರಿನ ಕೊಳವೆಯಲ್ಲಿ ಇಳಿಸಿ ನೆಲ ಮುಟ್ಟಿಸುತ್ತಿದ್ದಳು. ಹಾಗೆ ಬೇರೂರಿದ ಬಿಳಲು ಹದಿನೇಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ವ್ಯಾಪಾರಿಗಳ ಸಂಘ ಆ ನೆರಳು ತನಗೆ ಬೇಕೆಂದು ಅರ್ಜಿ ಹಾಕಿತು. ನಾನು ಹಳೆಯ ನಿಘಂಟು ತೆರೆದೆ. ಗುಜರಾತಿನ ವ್ಯಾಪಾರಿಗಳನ್ನು ವಾಣಿಯಾ ಎನ್ನುತ್ತಿದ್ದರು, ಅವರು ಇಂಥ ಮರದ ಕೆಳಗೆ ಕೂತದ್ದನ್ನು ಕಂಡ ಪರದೇಶಿಗಳು ಅವರ ಹೆಸರನ್ನೇ ಬ್ಯಾನಿಯನ್ ಎಂದು ತಿರುಚಿ ಮರಕ್ಕಿಟ್ಟರು ಎಂದಿತ್ತು. ಸರಿ, ಮರ ವ್ಯಾಪಾರಿಗಳದ್ದು ಎಂದು ಬರೆದು ಮೊಹರು ಒತ್ತಿದೆ. ಮರವನ್ನು ನೋಡಿರಲೂ ಇಲ್ಲ. ನೀಲಗಂಗವ್ವನನ್ನು ಬೇಲಿಯಾಚೆ ಬಿಸಿಲಿಗೆ ಎಬ್ಬಿಸಿದರಂತೆ.

ಅವಳು ಬರೆಸಿದ ತಕರಾರು ಅರ್ಜಿ ಎರಡು ವರ್ಷ ನನ್ನ ಮೇಜಿನ ಮೇಲೇ ಬಿದ್ದಿತ್ತು. ಕಡೆಗೊಮ್ಮೆ ಓದಿದೆ. ನಲವತ್ತು ವರ್ಷ, ಹದಿನೇಳು ಬಿಳಲು, ಎಲ್ಲ ಅದರಲ್ಲಿತ್ತು. ನಿಘಂಟಿನ ಅದೇ ಪುಟ ಮತ್ತೆ ತೆರೆದೆ. ಮರ ಅವರದೆಂದು ಅಲ್ಲಿ ಎಲ್ಲೂ ಇರಲಿಲ್ಲ. ಕೂತಿದ್ದರು, ಯಾರೋ ನೋಡಿದರು, ಅಷ್ಟೇ. ಕೂತವರದೇ ನೆರಳು ಎನ್ನುವುದಾದರೆ ಕೆಂಗಲ್ಲೂರಿನಲ್ಲಿ ಕೂತವಳು ನೀಲಗಂಗವ್ವ. ತೀರ್ಪು ತಿದ್ದಿ, ಅವಳ ಹೆಸರಿಗೆ ಚೀಟಿ ಬರೆದು, ನಾನೇ ಹೊರಟೆ.

ಗಾಡಿ ತಿರುಗಲು ಅಡ್ಡವೆಂದು ವ್ಯಾಪಾರಿಗಳು ಹದಿನೇಳು ಬಿಳಲನ್ನೂ ಕಡಿಸಿದ್ದರು. ಆಸರೆ ತಪ್ಪಿದ ಮರ ಹಿಂದಿನ ವಾರದ ಗಾಳಿಗೆ ಉರುಳಿತ್ತು. ನೀಲಗಂಗವ್ವ ಅದರ ಬೇರಿನ ಗುಂಡಿಯ ಪಕ್ಕ, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಚೀಟಿ ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

“ಚೀಟಿ ತಂದಿ, ಛಲೋ ಆತು. ಮರಾ ಎಲ್ಲೈತಿ, ತಮ್ಮಾ?” ಎಂದಳು.

ನಿಮ್ಮ ಕಾಲದಲ್ಲಿ ಆಲಗಳು ರಸ್ತೆಯ ಪಕ್ಕದಲ್ಲೇ ಇರುತ್ತವೆಂದು ಓದಿದ್ದೇನೆ. ಕೆಳಗೆ ಯಾರಾದರೂ ಕೂತಿದ್ದರೆ, ಯಾವ ಕಾಗದ ನೋಡಿಯೂ ಅವರನ್ನು ಎಬ್ಬಿಸಬೇಡಿ.

ಚನ್ನಮಲ್ಲ
ಹೆಸರೋದುಗ