ಕೊಂಡಿಯ ಪಿನ್ನು

ರೀ,

ಅಂಬೇವಾಡಿಗೆ ಅಕ್ಕನ ಮನೀಗೆ ಹೊಂಟೇನಿ. ಪಲ್ಯ ಮುಚ್ಚಿಟ್ಟೇನಿ, ಬಿಸಿ ಮಾಡ್ಕೊಳ್ರಿ.

ಸುಲಕ್ಷಣಾ ಮೇಡಂ ಅವ್ರ ರಾಫ್ಟಿಂಗ್ ದೋಣಿ ಟ್ರೇಲರ್ ಎಳ್ಕೊಂಡು ಇವತ್ತ ಗಣೇಶಗುಡಿಗೆ ಹೊಂಟೀರಂತ. ಗ್ಯಾರೇಜಿನ ಮುಬಾರಕ ಹೇಳಿದ ಮ್ಯಾಲ ಗೊತ್ತಾತು.

ನಮ್ಮ ಪಿಕಪ್ಪು ನಿಮ್ಮ ಅಪ್ಪನ ಟ್ರ್ಯಾಕ್ಟರ್ ಅಲ್ಲ, ಕಬ್ಬು ಹೇರಿದಂಗ ಹೇರಬ್ಯಾಡ್ರಿ. ಭಾರ ಟ್ರೇಲರಿನ ಮುಂದಿನ ಕಡೆ ಸ್ವಲ್ಪ ಹೆಚ್ಚಿರಲಿ, ಹಿಂದಾದ್ರ ಓಲಾಡ್ತೈತಿ. ಕೊಂಡಿ ಕೆಳಗಿನ ಸರಪಳಿ ಎರಡೂ ಒಂದರ ಮ್ಯಾಲೊಂದು ಅಡ್ಡಡ್ಡ ಹಾಕ್ರಿ. ಇಳಕಲದಾಗ ಸಣ್ಣ ಗೇರಿನ್ಯಾಗ ಇಳೀರಿ. ಎಳಿಯೂದು ದೊಡ್ಡ ಮಾತಲ್ಲ, ಬೇಕಾದಲ್ಲೆ ನಿಲ್ಲಾಕ ಬರಬೇಕು. ಇದನ್ನ ಗಾಡಿಗಷ್ಟ ಹೇಳಾಕತ್ತಿಲ್ಲ.

ಗಾಡಿ ಎಷ್ಟು ಎಳೀತೈತಿ ಅನ್ನೂ ಲೆಕ್ಕದಾಗ ಒಳಗ ಕುಂತವರ ತೂಕಾನೂ ಹಿಡೀಬೇಕಂತ, ಅದನ್ನೂ ಮುಬಾರಕನ ಹೇಳಿದ. ಹಂಗಾಗಿ ಮೇಡಂಗ ಬಸ್ಸಿಗೆ ಬರಾಕ ಹೇಳ್ರಿ. ಹೋದ ಸಲ ನೀವು ಗಣೇಶಗುಡಿಯಿಂದ ಬಂದಾಗ ಬಾಜೂ ಸೀಟು ಪೂರಾ ಹಿಂದಕ್ಕ ಸರದಿತ್ತು. ನನ್ನ ಕಾಲು ಅಷ್ಟು ಉದ್ದ ಇಲ್ಲ.

ಟ್ರೇಲರ್ ಗಾಡಿಗೆ ಸಿಗಿಸೂ ಕೊಂಡಿಯ ಪಿನ್ನು ಹುಡುಕಬ್ಯಾಡ್ರಿ, ನನ್ನ ಪರ್ಸಿನ್ಯಾಗ ಐತಿ. ಅಕ್ಕನ ಮನಿ ಮುಂದ ಬಂದು ಹಾರ್ನ್ ಹೊಡೀರಿ. ಪಿನ್ನಿನ ಜೋಡಿ ನಾನೂ ಬರ್ತೇನಿ. ನನ್ನ ತೂಕ ಆ ಗಾಡಿಗೆ ರೂಢಿ ಐತಿ.

ತುಳಜಾ